ಕಾಲು ತೆಗೆದ ಗಳಿಗೆ

ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಮುಖ ಮಾಡಿ ಮೇಜಿನ ಮೇಲಿಟ್ಟು, ಒಂದರ ವೈರನ್ನಷ್ಟೇ ಪ್ಲಗ್ಗಿಗೆ ಸಿಕ್ಕಿಸಿ ಯಶೋಧಾ ಸ್ವಿಚ್ಚು ಒತ್ತಿದಳು. ವೈರಿದ್ದದ್ದು ತಿರುಗಿತು. ಅದರ ಗಾಳಿ ತಾಗಿ ವೈರಿಲ್ಲದ್ದು ಮೊದಲು ಅನುಮಾನಿಸಿತು, ಒಂದೆರಡು ಸಲ ಅತ್ತಿತ್ತ ತೂಗಿತು, ಆಮೇಲೆ ಮನಸ್ಸಿಲ್ಲದವರ ಹಾಗೆ ತಾನೂ ತಿರುಗತೊಡಗಿತು. ಬಸವನ ಬಾಗೇವಾಡಿಯ ಈ ಐಟಿಐಯಲ್ಲಿ ಅವಳು ಕಲಿಸುವ ಪಾಠಗಳಲ್ಲೆಲ್ಲ ಅವಳಿಗೆ ಪ್ರೀತಿಯದು ಇದೊಂದೇ ಆಗಿತ್ತು, ಕೆಲವು ವಾರಗಳ ಹಿಂದಿನವರೆಗೆ. ಎಂಜಿನ್ನಿಗೂ ಗಿಯರ್ ಪೆಟ್ಟಿಗೆಗೂ ನಡುವೆ ಕಬ್ಬಿಣ ಕಬ್ಬಿಣಕ್ಕೆ ತಾಗಿರುವುದಿಲ್ಲ, ಗಾಳಿಯ ಜಾಗದಲ್ಲಿ ಎಣ್ಣೆಯಿರುತ್ತದೆ, ಎಂಜಿನ್ ಕಡೆಯ ಚಕ್ರ ಎಣ್ಣೆ ಎರಚುತ್ತದೆ, ಆ ರಭಸಕ್ಕೆ ಗಿಯರ್ ಕಡೆಯ ಚಕ್ರ ತಿರುಗುತ್ತದೆ, ಟಾರ್ಕ್ ಕನ್ವರ್ಟರ್ ಅನ್ನುವುದು ಇದಕ್ಕೇ, ಇದಿರುವ ಗಾಡಿಗೆ ಕ್ಲಚ್ಚು ಬೇಕಿಲ್ಲ ಎಂದು ಅವಳು ಹೇಳುತ್ತ ಹೋದಳು. ಮಾತು ಬಾಯಿಂದ ತಾನಾಗಿ ಬರುತ್ತಿತ್ತು, ಮನಸ್ಸು ನಿಡಗುಂದಿಯ ಮನೆಯಲ್ಲಿತ್ತು. ಮರದ ಸ್ಕೇಲನ್ನು ಜಾಲರಿಯೊಳಗೆ ತೂರಿಸಿ ವೈರಿಲ್ಲದ ಫ್ಯಾನಿನ ರೆಕ್ಕೆಗೆ ಅಡ್ಡ ಹಿಡಿದಳು. ಅದು ನಿಂತಿತು; ಎದುರಿನದು ನಿಲ್ಲಲಿಲ್ಲ. ಬ್ರೇಕ್ ಒತ್ತಿ ಹಿಡಿದಾಗ ಆಗುವುದು ಇಷ್ಟೇ, ಗಾಲಿ ನಿಂತರೂ ಎಂಜಿನ್ ನಿಲ್ಲುವುದಿಲ್ಲ, ಹೋಗಲು ದಾರಿಯಿಲ್ಲದ ಬಲವೆಲ್ಲ ಎಣ್ಣೆಯನ್ನು ಕಾಯಿಸುತ್ತ ಕೂಡುತ್ತದೆ ಎಂದಳು. ಸ್ಕೇಲು ತೆಗೆದಳು. ಯಾರೂ ಮುಟ್ಟದೆ ರೆಕ್ಕೆ ಮತ್ತೆ ಹೊರಟಿತು. ಆಗ ಹಿಂದಿನ ಬೆಂಚಿನಿಂದ ಒಬ್ಬ, ಎದ್ದು ನಿಲ್ಲುವ ತೊಂದರೆಯನ್ನೂ ತೆಗೆದುಕೊಳ್ಳದೆ, "ಹಂಗಂದ್ರ ನಿಮ್ಮ ಮನಿ ಗಾಡಿ ತಾನ ಹೋಗಿದ್ದು ಖರೇ ಏನ್ರಿ ಮೇಡಂ?" ಎಂದು ಕೇಳಿದ. ನಿಡಗುಂದಿಯ ಸುದ್ದಿಗೆ ಬಾಗೇವಾಡಿಗೆ ಬರಲು ಬಸ್ಸೂ ಬೇಕಾಗಿರಲಿಲ್ಲ. ತರಗತಿ ನಕ್ಕಿತು. ನಕ್ಕವರನ್ನು ಒಬ್ಬೊಬ್ಬರನ್ನಾಗಿ ದುರುಗುಟ್ಟಿ ನೋಡಬೇಕೆಂದುಕೊಂಡವಳು ಫ್ಯಾನಿನ ಕಡೆಗೇ ನೋಡುತ್ತ ನಿಂತಳು. ಎರಡರ ನಡುವಿನ ಮೂರನೆಯ ಚಕ್ರದ ಪಾಠ ಇನ್ನೂ ಉಳಿದಿತ್ತು. ಅದನ್ನು ಸೋಮವಾರ ಹೇಳುತ್ತೇನೆಂದು ಸ್ವಿಚ್ಚು ಆರಿಸಿದಳು.

ಆ ಮೂರನೆಯ ಚಕ್ರಕ್ಕೆ ಹೋಲಿಕೆ ಬೇಕೆಂದರೆ ಅವಳು ದೂರ ಹೋಗಬೇಕಾಗಿರಲಿಲ್ಲ. ಎರಡು ಚಕ್ರಗಳ ನಡುವೆ ಅದು ಕದಲದೆ ಕೂತಿರುತ್ತದೆ. ವಾಪಸು ಬರುವ ಎಣ್ಣೆಯ ಮೋರೆ ತಿರುವಿ ಮತ್ತೆ ಅದೇ ಕಡೆಗೆ ನೂಕುತ್ತದೆ. ಒಂದರಷ್ಟಿದ್ದ ಬಲ ಅದರಿಂದಾಗಿ ಎರಡರಷ್ಟಾಗುತ್ತದೆ. ಮನೆಯ ಪಡಸಾಲೆಯಲ್ಲಿ ಮಂಚ ಹಿಡಿದ ಅತ್ತೆ ಶೆಟ್ಟೆವ್ವ ಮಾಡುತ್ತಿದ್ದದ್ದೂ ಅದನ್ನೇ. ಬಲಗಾಲಿನ ಮೊಣಕಾಲ ಕೆಳಗೆ ಎರಡೂ ಎಲುಬು ಮುರಿದು, ವಿಜಯಪುರಕ್ಕೆ ಹೋಗಿ ಒಳಗೆ ಸರಳು ಹಾಕಿಸಿಕೊಂಡು ಬಂದ ಮೇಲೆ, ಓಡಾಡುತ್ತಿದ್ದ ದಿನಗಳಿಗಿಂತ ಬಿಗಿಯಾಗಿ ಮುದುಕಿ ಮನೆ ಆಳುತ್ತಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಆ ಮನೆಯಲ್ಲಿ ಸುಳ್ಳಾಗಿತ್ತು, ಎಲ್ಲ ಕಾಲವೂ ಅತ್ತೆಯದೇ. ಬೆಳಿಗ್ಗೆ ಎದ್ದು ಅವಳ ಕೆಳಗಿನ ಪಾತ್ರೆ ತೆಗೆಯಬೇಕು, ಬಿಸಿನೀರಿನಲ್ಲಿ ಅರಿವೆ ಅದ್ದಿ ಮೈ ಒರೆಸಬೇಕು, ಒರೆಸುವಾಗ ಇಲ್ಲಿ ಮೆತ್ತಗೆ ಅಲ್ಲಿ ಜೋರಾಗಿ ಎಂದು ಹೇಳಿಸಿಕೊಳ್ಳಬೇಕು. ಒಂದು ಗೋಡೆಯ ಮೇಲೆ ಮಾವ ಮಲ್ಲಣ್ಣ ಮಾಸ್ತರರು ತೂಗುಹಾಕಿದ ಬುದ್ಧನೂ ಬಾಬಾಸಾಹೇಬರೂ ಇದ್ದರು. ಎದುರು ಗೋಡೆಯ ಮೇಲೆ ಅತ್ತೆಯ ಯಲ್ಲಮ್ಮ ಇದ್ದಳು. ಇವರ ಮೊಳೆ ಅವರು ಕಿತ್ತವರಲ್ಲ, ಅವರ ಮೊಳೆ ಇವರು ಕಿತ್ತವರಲ್ಲ. ಈ ಎರಡು ಗೋಡೆಗಳ ನಡುವೆ ಮಂಚದ ತಲೆಗಡೆ ಕೂತು ಯಶೋಧಾ ಇವತ್ತು ಬೆಳಿಗ್ಗೆ ಅತ್ತೆಯ ತಲೆ ಬಾಚುತ್ತಿದ್ದಾಗ, ಮುದುಕಿ ಮುಖ ತಿರುಗಿಸದೆಯೇ ಹೇಳಿದಳು: "ಇವತ್ತ ಮುದ್ದೇಬಿಹಾಳಕ್ಕ ಹೋಗಿ ಗಾಡಿದ ತಪ್ಪಂತ ಹೇಳಿ ಬಾ. ನನ್ನ ಮಗನ ಹೆಸರ ಉಳೀಲಿ. ಇಲ್ಲಂದ್ರ ನಾ ಬಾಯಿ ಬಿಡಬೇಕಾಕ್ಕೈತಿ. ಅವತ್ತ ನೀ ಬಾಯಿ ತಗದಿದ್ದಿ, ಮತ್ತ ಮುಚ್ಚಿದಿ. ನಾ ನೋಡೇನಿ." ಬಾಚಣಿಗೆ ನಿಂತಿತು. ಆಮೇಲೆ ಅದು ಮತ್ತೆ ಮುಂದುವರಿದದ್ದು ಯಶೋಧಾಗೆ ತನ್ನ ಬಗ್ಗೆಯೇ ಹೇಸಿಗೆ ಹುಟ್ಟಿಸಿತು. ನೋವಾಗದ ಹಾಗೆ, ಸಿಕ್ಕು ಬಿಡಿಸುತ್ತ, ಎಂದಿಗಿಂತ ಮೆತ್ತಗೆ ಬಾಚಿದಳು. ಇಷ್ಟು ದಿನ ನೋವಿಗೆ ನರಳುತ್ತಲೇ ಈ ಹೆಂಗಸು ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದಳು, ಬೇಕಾದ ದಿನಕ್ಕೆ ಬಿಚ್ಚಲೆಂದು. ಹೆರಳು ಹಾಕಿ ಮುಗಿಸಿ, ಚಹಾಕ್ಕೆ ಇಡಲು ಅವಳು ಒಳಗೆ ಹೋದಳು.

ಐಟಿಐಯ ಗೇಟಿನ ಹೊರಗೆ ಹಾರ್ನ್ ಕೂಗಿತು. ಗಂಡ ಅನಿಲಕುಮಾರ ಒಳಗೆ ಬಂದು ಕರೆಯುವವನಲ್ಲ. ಆಲಮಟ್ಟಿಯಲ್ಲಿ ಕಾಲುವೆ ಆಫೀಸಿನ ನೌಕರಿ. ಅಲ್ಲಿ ಜನ ಅವನಿಗಾಗಿ ಕಾಯುತ್ತಿದ್ದರು, ಮನೆಯವರೂ ಕಾಯುವವರೇ ಎಂದು ಅವನು ತಿಳಿದಿದ್ದ. ಮುಂದಿನ ಸೀಟಿನಲ್ಲಿ ಮಾವ ಮಲ್ಲಣ್ಣ ಕೂತಿದ್ದರು. ಯಾವ ಜಗಳಕ್ಕೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೋಗುವ ಮನುಷ್ಯ. ಯಶೋಧಾ ಹಿಂದೆ ಹತ್ತಿದಳು. ಮುದ್ದೇಬಿಹಾಳದಲ್ಲಿ, ನಾಲತವಾಡದ ರಸ್ತೆಗೆ ಹತ್ತಿಕೊಂಡ ಅಯೂಬನ ಅಂಗಳದಲ್ಲಿ ಮಧ್ಯಾಹ್ನ ಮಾತುಕತೆ ಇತ್ತು. ಹಳೆಯ ಗಾಡಿ ಹಿಡಿದು, ರಿಪೇರಿ ಮಾಡಿ ಮಾರುವ ಅಯೂಬನೇ ಈ ಬಿಳಿ ಗಾಡಿ ಕೊಟ್ಟವನು. ಗಾಡಿಯಲ್ಲಿ ದೋಷವಿತ್ತು, ಅದು ತಾನಾಗಿ ಓಡಿತು ಎಂದು ಜನರೆದುರು ಅವನಿಂದ ಒಪ್ಪಿಸಬೇಕು. ಅವನು ಒಪ್ಪುತ್ತಿರಲಿಲ್ಲ, ಗಾಡಿ ಚಲೋ ಇತ್ತು ಅನ್ನುತ್ತಿದ್ದ, ಹಾಗಾದರೆ ಹೇಗೆ ಓಡಿತು ಎಂದರೆ ಬೆವರು ಒರೆಸಿಕೊಳ್ಳುತ್ತಿದ್ದ. ಕೊನೆಗೆ ಎರಡೂ ಕಡೆಯವರು ಒಂದು ಮಾತಿಗೆ ಬಂದಿದ್ದರು: ಗಾಡಿಯ ವಿದ್ಯೆ ಕಲಿಸುವ ಮೇಡಂ ಇದ್ದಾರಲ್ಲ, ಅವರೇ ಹೇಳಲಿ, ಅವರು ಅಂದದ್ದೇ ಕಡೆ. ಅವಳ ವಿದ್ಯೆಗೆ ಗಂಡ ಬೆಲೆ ಕೊಟ್ಟದ್ದು ಇದೇ ಮೊದಲು. ದೋಷವಿತ್ತು ಎಂದರೆ ಅಯೂಬನ ಅಂಗಳಕ್ಕೆ ಇನ್ನು ಯಾರೂ ಕಾಲಿಡುವುದಿಲ್ಲ. ಈಗಲೇ ಅಲ್ಲಿ ನೊಣ ಹಾರುತ್ತಿವೆ. ದೋಷವಿಲ್ಲ ಎಂದರೆ, ಯಾಕಿಲ್ಲ ಎಂದು ಬಿಡಿಸಿ ತೋರಿಸಬೇಕು. ಇಷ್ಟೆಲ್ಲ ಗೊತ್ತಿದ್ದವಳು ಅವತ್ತು ಎದುರಿಗೇ ಇದ್ದು ಯಾಕೆ ಸುಮ್ಮನಿದ್ದಳು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಏನು ಹೇಳಬೇಕು ಗೊತ್ತಿದೆಯಲ್ಲ ಎಂದು ಗಂಡ ಕನ್ನಡಿಯಲ್ಲಿ ನೋಡಿ ಕೇಳಿದ. ಗೊತ್ತಿದೆ ಎಂದಳು.

ಗಾಡಿ ಬಂದ ಹೊಸದರಲ್ಲಿ ಅವಳಿಗೆ ಸಂತೋಷವೇ ಆಗಿತ್ತು, ಅದನ್ನು ಈಗ ನೆನೆಯಲು ನಾಚಿಕೆ. ಕಾಲುವೆಯ ಇಳಿಜಾರು ಕಲ್ಲಿನ ಮೇಲೆ ಜಾರಿ ಬಿದ್ದಂದಿನಿಂದ ಅವನ ಎಡ ಮೊಣಕಾಲು ಮಡಚಿದರೆ ಬೇಗ ಬಿಚ್ಚುತ್ತಿರಲಿಲ್ಲ, ಕ್ಲಚ್ಚು ಒತ್ತಿದರೆ ಜೀವ ಹೋಗುತ್ತಿತ್ತು. ಹಾಗೆಂದೇ ಕ್ಲಚ್ಚಿಲ್ಲದ ಗಾಡಿ. ಇಷ್ಟು ವರ್ಷ ಎರಡು ಫ್ಯಾನು ಇಟ್ಟು ಕಲಿಸಿದ್ದು ಈಗ ಮನೆಯ ಅಂಗಳದಲ್ಲೇ ಬಂದು ನಿಂತಿತ್ತು. ಅವಳು ಬಾನೆಟ್ಟಿನ ಮೇಲೆ ಕೈಯಿಟ್ಟು, ಇದರ ಗುಣ ನೀವು ನಡೆಸುತ್ತಿದ್ದ ಜೀಪಿನಂಥದಲ್ಲ, ನೋಡಿ, ಎಂದು ಶುರು ಮಾಡಿದ್ದಳು. ಆಜುಬಾಜಿನವರೆಲ್ಲ ಸೇರಿದ್ದರು. "ನಿನ್ನ ಪಾಠ ಸಾಲ್ಯಾಗ ಇರಲಿ," ಎಂದ ಅವನು. "ಫ್ಯಾನ್ ತಿರುಗಿಸಿ ಪಗಾರ ತಗೊಳ್ಳೂದ ಬ್ಯಾರೆ, ಗಾಡಿ ನಡಸೂದ ಬ್ಯಾರೆ." ಜನ ನಕ್ಕರು, ಅತ್ತೆ ಎಲ್ಲರಿಗಿಂತ ಹೆಚ್ಚು ನಕ್ಕಳು, ಅವತ್ತಿನಿಂದ ಓಣಿಯಲ್ಲಿ ಅವಳು ಫ್ಯಾನ್ ಮೇಡಂ ಆದಳು. ಡಿಪ್ಲೊಮಾ ಓದುವಾಗ ತೆಗೆದ ಅವಳ ಲೈಸೆನ್ಸು ಬೀರುವಿನಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು. ಕೀಲಿ ಮಾತ್ರ ಅವಳ ಕೈಗೆ ಎಂದೂ ಬರಲಿಲ್ಲ. ಈಗ ಗಾಡಿ ವೇಗ ಹಿಡಿದಾಗ ತಳದಲ್ಲೊಂದು ಸಣ್ಣ ಅಲುಗಾಟ ಅವಳ ಪಾದಕ್ಕೆ ತಿಳಿಯಿತು. ಒಂದು ವೇಗ ದಾಟಿದ ಮೇಲೆ ಒಳಗಿನ ಎರಡು ಚಕ್ರಗಳಿಗೆ ಬೀಗ ಬೀಳುತ್ತದೆ. ಎಣ್ಣೆಯ ಜಾರಾಟ ನಿಂತು ಎರಡೂ ಒಂದಾಗಿ ತಿರುಗುತ್ತವೆ. ತನಗೂ ಈ ಗಂಡಸಿಗೂ ಅಂಥ ವೇಗ ಎಂದೂ ಬರಲಿಲ್ಲ ಎಂದುಕೊಂಡಳು. ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಅವನು ಗಿಯರನ್ನು ಹಾಗೇ ಬಿಟ್ಟು ಬ್ರೇಕನ್ನು ಒತ್ತಿ ಹಿಡಿದ. ಹಿಂದಿನಿಂದ ಅವಳಿಗೆ ಅವನ ಬಲ ತೊಡೆ ಬಿಗಿದದ್ದು ಕಾಣುತ್ತಿತ್ತು. ರೈಲು ಬರುವವರೆಗೂ ಅವನು ಕಾಲನ್ನು ಒಂದಿಷ್ಟೂ ಸಡಿಲಿಸಲಿಲ್ಲ, ಕತ್ತಿನ ಹಿಂಭಾಗ ಬೆವೆತಿತ್ತು. ಇವನಿಗೆ ಇನ್ನೂ ತಿಳಿದಿಲ್ಲ, ಗಾಡಿಗೆ ದೆವ್ವ ಹಿಡಿದಿದೆ ಎಂದೇ ಒಳಗೊಳಗೆ ಹೆದರಿದ್ದಾನೆ ಎಂದು ಹೊಳೆದಾಗ ಅವಳಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಗಿಯರನ್ನು ಪಿ, ಅಂದರೆ ಪಾರ್ಕಿಂಗ್ ಮೇಲೆ ಹಾಕಿದರೆ ಕಾಲು ತೆಗೆಯಬಹುದು ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ತಂದೆಗೆ, ಅಯೂಬನ ಮುಂದ ಈಕಿ ಇಂಗ್ಲಿಷ್‌ನ್ಯಾಗ ನಾಕ ಮಾತ ಆಡಿದ್ರ ಸಾಕು, ತಿಳಿಲಿ ಬಿಡ್ಲಿ, ಎಂದು ನಕ್ಕ. ಅವಳು ಬಾಯಿ ಮುಚ್ಚಿಕೊಂಡಳು.

ಅತ್ತೆಯ ಕಾಲು ಮುರಿದ ದಿನವೂ ಹೀಗೆಯೇ. ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಗಾಡಿಗೆ ಮಾಡುವ ಲಿಂಬೆಹಣ್ಣಿನ ಪೂಜೆಗೆ ನಾನು ಬರುವವನಲ್ಲ ಎಂದು ಮಾವ ಒಳಗೇ ಕೂತಿದ್ದರು. ಗಾಡಿಯ ಮೋರೆ ಮನೆಯ ಕಡೆಗಿತ್ತು, ಬಾಗಿಲ ಮುಂದಿನ ಕಟ್ಟೆಗೂ ಅದಕ್ಕೂ ನಡುವೆ ಶೆಟ್ಟೆವ್ವ ಆರತಿ ಹಿಡಿದು ನಿಂತಿದ್ದಳು. ಹಿಂದಿನ ಗಾಲಿಗೂ ಲಿಂಬೆಹಣ್ಣು ಇಡಬೇಕು, ಅದಾದರೂ ಬರುತ್ತದೇನು ಮೇಡಂಗೆ, ಎಂದು ಗಂಡ ಕೂಗಿದ್ದ. ಯಶೋಧಾ ಬಗ್ಗಿ ಇಟ್ಟು, ಪಕ್ಕಕ್ಕೆ ಸರಿದು, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಆರತಿ ಮುಗಿದ ಕೂಡಲೇ ಹಣ್ಣಿನ ಮೇಲೆ ಗಾಡಿ ಹಾಯಿಸುವುದು ಪದ್ಧತಿ. ಹಾಗಾಗಿ ಅನಿಲಕುಮಾರ ಎಂಜಿನ್ ಚಾಲೂ ಮಾಡಿ, ಗಿಯರನ್ನು ಮುಂದೆ ಹೋಗುವ ಡಿ ಮೇಲೆ ಹಾಕಿ, ಬ್ರೇಕ್ ಒತ್ತಿ ತಯಾರಾಗಿ ಕೂತಿದ್ದ. ಹಿಂದಿನ ಲೈಟಿನ ಕೆಂಪು ಕಂಪೌಂಡಿನ ಸುಣ್ಣದ ಗೋಡೆಯ ಮೇಲೆ ಬಿದ್ದಿತ್ತು. ಶೆಟ್ಟೆವ್ವ ಆರತಿ ಎತ್ತಿದಳು. ಮಗ ಕೂತಿದ್ದ ರೀತಿ ಅವಳಿಗೆ ಸರಿ ಕಾಣಲಿಲ್ಲ. "ದೇವರಿಗೆ ಕಾಲ ಕೊಟ್ಟ ಕುಂದ್ರತಾರ ಏನೋ? ಕಾಲ ಮ್ಯಾಲ ತಗೊಂಡ ಕೈ ಮುಗಿ," ಎಂದಳು. ತಾಯಿಯ ಮಾತು. ಜೀಪಿನ ಕಾಲದಿಂದ ನ್ಯೂಟ್ರಲಿನಲ್ಲಿ ನಿಲ್ಲಿಸಿ ಕೈ ಮುಗಿದು ಗೊತ್ತಿದ್ದವನು. ಚಪ್ಪಲಿ ಮೊದಲೇ ಬಿಟ್ಟಿದ್ದ. ಎರಡೂ ಕಾಲು ಎತ್ತಿ ಸೀಟಿನ ಮೇಲೆ ಮಡಚಿ, ಕಣ್ಣು ಮುಚ್ಚಿ, ಕೈ ಮುಗಿದ. ಗೋಡೆಯ ಮೇಲಿನ ಕೆಂಪು ಆರಿತು. ಯಶೋಧಾ ಅದನ್ನು ನೋಡಿದಳು. ಆ ಕೆಂಪು ಆರಿತೆಂದರೆ ಏನಾಗುತ್ತದೆ ಎಂದು ಆ ಓಣಿಯಲ್ಲಿ, ಬಹುಶಃ ಇಡೀ ಊರಲ್ಲಿ, ಸರಿಯಾಗಿ ಬಲ್ಲವಳು ಅವಳೊಬ್ಬಳೇ. ಬಾಯಿ ತೆರೆದಳು. ಬ್ರೇಕ್ ಎನ್ನುವ ಒಂದೇ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದರ ಜೊತೆಗೇ ಜನರ ನಗುವೂ ಬಂತು, ಫ್ಯಾನ್ ಮೇಡಂ ಎಂಬ ಹೆಸರೂ ಬಂತು, ನಿನ್ನ ಪಾಠ ಸಾಲ್ಯಾಗ ಇರಲಿ ಎಂಬುದೂ ಬಂತು. ಇರಲಿ ಹಾಗಾದರೆ. ಅಷ್ಟೇ ಅವಳು ಅಂದುಕೊಂಡದ್ದು. ಯಾರ ಕಾಲು ಮುರಿಯಬೇಕೆಂದೂ ಅವಳು ಬಯಸಲಿಲ್ಲ. ಗಾಡಿ ಒಂದು ಗೇಣು ಸರಿದು ಇವನ ಮಾನ ಹೋಗಲಿ, ಎಲ್ಲರೂ ನಗಲಿ ಎಂದು ಬಯಸಿದಳು, ಕಟ್ಟೆ ಎಷ್ಟು ಹತ್ತಿರವಿದೆ ಎಂದು ಲೆಕ್ಕ ಹಾಕಲಿಲ್ಲ. ಗಾಲಿಗೆ ಸಿಕ್ಕ ಹಣ್ಣು ಒಂದಿಷ್ಟು ತಡೆಯಿತು, ಆಮೇಲೆ ಪಚ್ಚೆಂದು ಒಡೆಯಿತು. ಗಾಡಿ ಹೋದದ್ದು ಎತ್ತಿನ ಬಂಡಿಗಿಂತ ನಿಧಾನವಾಗಿ. ಅವನು ಕಣ್ಣು ತೆರೆದು, ಕಾಲು ಬಿಚ್ಚಲು ಹೋಗಿ, ಎಡ ಮೊಣಕಾಲು ಹಿಡಿದುಕೊಂಡು ಒದ್ದಾಡುವಷ್ಟರಲ್ಲಿ ಬಂಪರು ಮುದುಕಿಯನ್ನು ಕಟ್ಟೆಗೆ ಒತ್ತಿತ್ತು. ಆರತಿಯ ತಟ್ಟೆ ಬಾನೆಟ್ಟಿನ ಮೇಲೆ ಬಿತ್ತು, ದೀಪ ಆರಲಿಲ್ಲ. ಎಲುಬು ಮುರಿದ ಸದ್ದು ಎಂಜಿನ್ನಿನ ಸದ್ದಿಗಿಂತ ಸಣ್ಣದಾಗಿತ್ತು.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಮಾವ ತಮ್ಮ ಸಾಲಿಯ ಮಕ್ಕಳಿಂದ ಎಷ್ಟು ವರ್ಷ ಬರೆಸಿದರೋ. ಯಶೋಧಾಳ ಬಂಗಾರ ಅವಳ ಎದೆಯಲ್ಲಿ ಕೊಳೆಯುತ್ತಿತ್ತು. ಅವ್ವನ ಮೇಲೆ ಗಾಡಿ ಹತ್ತಿಸಿದವ ಎಂದು ನಿಡಗುಂದಿಯ ಚಹಾದಂಗಡಿಯಲ್ಲಿ ಗಂಡನನ್ನು ಕರೆಯುತ್ತಿದ್ದರು, ಆಲಮಟ್ಟಿಯಲ್ಲೂ ಕರೆಯುತ್ತಿದ್ದರು. ಆ ಹೆಸರನ್ನು ಅವನು ಮೈಯಿಂದ ಕೊಡವಿಕೊಳ್ಳಬೇಕಿತ್ತು. ಕುಣಿಯಲಾರದವಳಿಗೆ ಅಂಗಳ ಡೊಂಕು. ಅವನಿಗೆ ಗಾಡಿ ಡೊಂಕಾಯಿತು, ಅಯೂಬ ಡೊಂಕಾದ. ಅವಳಿಗೆ ಅದು ಹಿತವಾಗಿಯೂ ಇತ್ತು, ಅದಕ್ಕಾಗಿಯೇ ಅವಳು ತನ್ನನ್ನು ತಾನು ಕ್ಷಮಿಸಲಾರದವಳಾಗಿದ್ದಳು. ಗಾಡಿಯದೇ ತಪ್ಪು ಎಂದು ಊರು ನಂಬಿದರೆ ಅವನ ತಪ್ಪು ಹೋಗುತ್ತದೆ, ಜೊತೆಗೆ ತನ್ನದೂ ಹೋಗುತ್ತದೆ. ಹಾಸಿಗೆಯಲ್ಲಿ ಅವನ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದಾಗ ಇಬ್ಬರೂ ಒಂದೇ ಸುಳ್ಳಿನ ಕೆಳಗೆ ಬೆಚ್ಚಗಿದ್ದರು. ದ್ವೇಷಿಸುವವನ ಜೊತೆಗೆ ಒಂದೇ ಕಂಬಳಿ. ಆದರೆ ಆ ಬಿಳಿ ಕೂದಲನ್ನು ಬಾಚುವಾಗ ಮುದುಕಿ ಹೇಳಿದ ಮಾತಿನಲ್ಲಿ ಆ ಕಂಬಳಿಯ ಇನ್ನೊಂದು ತುದಿ ಅತ್ತೆಯ ಕೈಯಲ್ಲಿರುವುದು ತಿಳಿದುಹೋಯಿತು. ಇವತ್ತು ಸುಳ್ಳು ಹೇಳಿದರೆ ಸಾಯುವವರೆಗೂ ಆಕೆ ಎಳೆದಾಗೆಲ್ಲ ತಾನು ನಡುಗಬೇಕು. ಸುಳ್ಳಿನ ಭಯಕ್ಕಿಂತ ಆ ಮುದುಕಿಗೆ ಆಳಾಗಿ ಉಳಿಯುವ ಭಯವೇ ಅವಳಿಗೆ ದೊಡ್ಡದಾಗಿ ಕಂಡಿತು. ಹೊರಗೆ ಕಾಲುವೆಯ ನೀರು ಗಾಡಿಯ ಜೊತೆಜೊತೆಗೆ ಬರುತ್ತಿತ್ತು. ಮಾವ ತೂಕಡಿಸುತ್ತಿದ್ದರು.

ಅಯೂಬನ ಅಂಗಳವೆಂದರೆ ಹಳೆಯ ಟೈರು, ಬಾಗಿಲಿಲ್ಲದ ಜೀಪು, ಎಣ್ಣೆ ಕುಡಿದು ಕಪ್ಪಾದ ಮಣ್ಣು. ಆಜುಬಾಜಿನ ಅಂಗಡಿಯವರು ನಾಲ್ಕಾರು ಜನ ಬಂದು ಕೂತಿದ್ದರು. ಅಯೂಬ ಮಾಸ್ತರರಿಗೆ ಕುರ್ಚಿ ಹಾಕಿದ, ಚಹಾ ತರಿಸಿದ, ತಾನು ಕುಡಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಅವನು ಯಾರೂ ಕೇಳದೆಯೇ, ಗಿಯರಿನ ಎಣ್ಣೆ ತಾನು ಹೊಸದೇ ಹಾಕಿದ್ದು, ಯಾವ ಬೇಕಾದ ಆಣೆ ಮಾಡುತ್ತೇನೆ ಎಂದು ಶುರು ಮಾಡಿದ. ಅವನಿಗೂ ತನ್ನ ಕೆಲಸದ ಮೇಲೆ ಒಳಗೆ ಅನುಮಾನವಿತ್ತು. ಅನಿಲಕುಮಾರ ಅವನನ್ನು ಅರ್ಧಕ್ಕೇ ತಡೆದ. ಆಣೆ ಬೇಡ, ಮೇಡಂ ಹೇಳುತ್ತಾರೆ ಎಂದ. ಮೇಡಂ ಎನ್ನುವಾಗ ಇವತ್ತು ಅವನು ನಗಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು. ಯಶೋಧಾ ಅಯೂಬನ ಮುಖ ನೋಡಿದಳು. ಅದರಲ್ಲಿ ಬೇಡಿಕೆಯೂ ಇರಲಿಲ್ಲ, ಬರಿಯ ಭಯ. ಅದು ಅವಳ ಕನಿಕರಕ್ಕಿಂತ ಅವಳ ಸಿಟ್ಟನ್ನು ಎಬ್ಬಿಸಿತು. ಹೇಳುವುದೆಂದರೆ ಹೇಳಬಹುದಿತ್ತು. ಆದರೆ ಮಾತು ಶುರು ಮಾಡಿದರೆ ಗಂಡ ನಡುವೆ ಬಾಯಿ ಹಾಕುತ್ತಾನೆ, ಆಮೇಲೆ ಅದು ಅವನ ಮಾತಾಗುತ್ತದೆ. ಅವಳು ಅವನ ಮುಂದೆ ಕೈ ಚಾಚಿ ಕೀಲಿ ಕೇಳಿದಳು. "ಮಾತಿನ್ಯಾಗ ತಿಳಿಯೂದಿಲ್ಲ, ತೋರಸ್ತೇನಿ," ಎಂದಳು. "ಅತ್ತಿ ಎಲ್ಲಿ ನಿಂತಿದ್ರೋ, ಗಾಡಿ ಮುಂದ ಅಲ್ಲೇ ನೀವು ನಿಂದರ್ರಿ."

ಜನರೆದುರು ಕೊಡದೆ ಇರಲಾಗಲಿಲ್ಲ. ಅವನು ಕೀಲಿ ಕೊಟ್ಟು, ಬಾನೆಟ್ಟಿನ ಮುಂದೆ ಹೋಗಿ, ಕೈ ಕಟ್ಟಿ ನಿಂತ. ಅವನ ಬೆನ್ನ ಹಿಂದೆ ಟೈರುಗಳ ರಾಶಿ, ನೆಲ ಆ ಕಡೆಗೆ ಸ್ವಲ್ಪ ಏರು. ಅವಳು ಹತ್ತಿ ಸೀಟು ಮುಂದಕ್ಕೆ ಎಳೆದುಕೊಂಡಳು. ಸ್ಟೇರಿಂಗು ಬಿಸಿಯಾಗಿತ್ತು. ಚಪ್ಪಲಿ ಕಳಚಿ ಬದಿಗೆ ಸರಿಸಿದಳು. ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ, ಗಿಯರ್ ಡಿ ಮೇಲೆ ತಂದು, ಕಿಟಕಿಯಿಂದ ತಲೆ ಹೊರಗೆ ಹಾಕಿ ಅಯೂಬನಿಗೆ ಹಿಂದೆ ಹೋಗಿ ನಿಲ್ಲಲು ಹೇಳಿದಳು. "ಹಿಂದಿನ ಕೆಂಪ ಲೈಟ್ ನೋಡಕೋತ ಇರ್ರಿ. ಅದು ಆರಿತಂದ್ರ ಬ್ರೇಕಿನ ಮ್ಯಾಲಿನ ಕಾಲ ಎತ್ತಿದ್ರಂತ ಅರ್ಥ. ಆಮ್ಯಾಲ ಗಾಡಿಗೆ ಯಾರೂ ಹೋಗಂತ ಹೇಳೂದ ಬೇಕಾಗಿಲ್ಲ. ಎಂಜಿನ್ ತಿರುಗತಿರತೈತಿ, ಎಣ್ಣಿ ನೂಕತಿರತೈತಿ, ತಾನ ಹೋಕ್ಕೈತಿ. ದೋಷ ಅಲ್ಲ, ಇದರ ಗುಣಾನ ಇದು." ಗಂಡ ಏನೋ ಹೇಳಲು ಬಾಯಿ ತೆರೆದದ್ದು ಗಾಜಿನಲ್ಲಿ ಕಂಡಿತು. ಅವಳು ಎರಡೂ ಕಾಲೆತ್ತಿ ಸೀಟಿನ ಮೇಲೆ ಮಡಚಿ ಕೂತಳು. ಕೈ ಮುಗಿದಳು. ಕಣ್ಣು ಮಾತ್ರ ಮುಚ್ಚಲಿಲ್ಲ.

ಕೆಂಪು ಆರಿತ್ರಿ ಎಂದು ಹಿಂದಿನಿಂದ ಅಯೂಬನ ದನಿ ಬಂತು. ಗಾಡಿ ಹೊರಟಿತು. ಅನಿಲಕುಮಾರ ಮೊದಲು ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಹೆಜ್ಜೆ ಸರಿದ, ಆಮೇಲೆ ಸುತ್ತ ಕೂತವರನ್ನು ನೋಡಿದ. ಪಕ್ಕಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಹೆಂಡತಿ ನಡೆಸುವ ಗಾಡಿಗೆ ದಾರಿ ಬಿಟ್ಟ ಎನ್ನಿಸಿಕೊಳ್ಳುವುದು ಅವನಿಂದಾಗದ ಕೆಲಸ. ಎರಡೂ ಅಂಗೈಯನ್ನು ಬಾನೆಟ್ಟಿಗೆ ಕೊಟ್ಟು, ಬಲಗಾಲು ಹಿಂದೆ ಊರಿ, ತಲೆ ಬಗ್ಗಿಸಿ ಒತ್ತಿದ. ಏರು ನೆಲ, ಗಟ್ಟಿ ಆಳು, ಗಾಡಿ ನಿಂತಿತು. ಎಂಜಿನ್ ನಿಲ್ಲಲಿಲ್ಲ. ಒಳಗೆ ಒಂದು ಚಕ್ರ ಎರಚುತ್ತಿತ್ತು, ಇನ್ನೊಂದು ಕದಲದೆ ನಿಂತಿತ್ತು, ನಡುವೆ ಎಣ್ಣೆ ಕಾಯುತ್ತಿತ್ತು, ಮುಗಿದ ಕೈಗಳ ಹಿಂದೆ ಕೂತ ಯಶೋಧಾಗೆ ಅದು ತನ್ನ ಹೊಟ್ಟೆಯಲ್ಲೇ ಕಾಯುತ್ತಿರುವಂತೆ ತಿಳಿಯುತ್ತಿತ್ತು. ಇಬ್ಬರೂ ಗಾಜಿನ ಮೂಲಕ ಒಬ್ಬರನ್ನೊಬ್ಬರು ನೋಡಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅವಳನ್ನು ಇಷ್ಟು ಹೊತ್ತು ನೋಡಿದ್ದಿಲ್ಲ. ಅವನ ಕುತ್ತಿಗೆಯ ನರ ಉಬ್ಬಿತ್ತು. ಅವಳು ಕಾಲು ಇಳಿಸಲಿಲ್ಲ. ಇಳಿಸಬಾರದೆಂದು ಹಟವೇನಿರಲಿಲ್ಲ, ಹಿತವಾಗಿತ್ತು, ಅಷ್ಟೇ. ಇವನು ಸುಸ್ತಾಗಲಿ ಎಂದು ಕಾಯುತ್ತಿದ್ದಳು. "ಯಶೋಧಾ, ಸಾಕ ಬಿಡವ್ವ," ಎಂದು ಮಾವ ಕುರ್ಚಿಯಿಂದ ಎದ್ದು ಹೇಳಿದರು. ಅವಳಿಗೆ ಕೇಳಿಸಿತು. ಎಣ್ಣೆಯ ಮಣ್ಣಿನಲ್ಲಿ ಅವನ ಚಪ್ಪಲಿ ಜಾರಿತು, ಮೊಣಕಾಲು ಮಡಚಿತು, ಬಾನೆಟ್ಟು ಅವನ ಎದೆಯ ಕಡೆಗೆ ಎದ್ದು ಬಂದಂತಾಯಿತು. ಆಗ ಅವಳ ಬಲಗಾಲು ಕೆಳಗಿಳಿದು ಬ್ರೇಕನ್ನು ಒತ್ತಿತ್ತು. ಅವಳು ಅದಕ್ಕೆ ಹೇಳಿರಲಿಲ್ಲ. ಗಾಡಿ ನಿಂತಾಗ ಬಂಪರಿಗೂ ಅವನ ಎಡ ಮೊಣಕಾಲಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಅವಳು ಗಿಯರನ್ನು ಪಿ ಮೇಲೆ ಹಾಕಿ ಕಾಲು ತೆಗೆದಳು. ಗಾಡಿ ಕದಲಲಿಲ್ಲ, ಅದನ್ನೂ ಎಲ್ಲರೂ ನೋಡಿದರು. ಗಾಡಿ ಚಲೋ ಐತಿ, ಇನ್ನ ಮಾತ ಮುಗೀತು ಎಂದು ಮಲ್ಲಣ್ಣ ಮಾಸ್ತರರು ಮಗನ ಕಡೆ ನೋಡದೆ ಹೇಳಿ, ಅಯೂಬನ ಭುಜ ಮುಟ್ಟಿದರು. ಅಯೂಬ ಟೈರಿನ ಮೇಲೆ ಕೂತು ಮುಖ ಒರೆಸಿಕೊಂಡ, ಆಮೇಲೆ ಆರಿದ ಚಹಾ ಕುಡಿದ. ಅನಿಲಕುಮಾರ ಎದ್ದು, ಅಂಗೈಯ ಮಣ್ಣು ಕೊಡವಿಕೊಳ್ಳುತ್ತ, ಕುಂಟುತ್ತ ಬಾಗಿಲ ಬಳಿ ಬಂದ. ಕಿಟಕಿಯ ಮೇಲೆ ಕೈಯಿಟ್ಟು ಬಗ್ಗಿದ. ಹೊಡೆಯುತ್ತಾನೆ ಎಂದುಕೊಂಡಳು. ಹೊಡೆದಿದ್ದರೆ ಸುಲಭವಾಗುತ್ತಿತ್ತು. ಅವನು ದನಿ ಇಳಿಸಿ ಕೇಳಿದ.

"ಅವತ್ತ ನೀ ಹಿಂದ ನಿಂತಿದ್ದಿ. ಕೆಂಪ ಆರಿದ್ದ ಕಂಡಿರಬೇಕ."

"ಕಂಡಿತ್ತು."

ಅವನ ಉಸಿರು ಇನ್ನೂ ತಹಬಂದಿಗೆ ಬಂದಿರಲಿಲ್ಲ. ಆಮೇಲೆ, ಕೊನೆಗೂ ಕೈಗೆ ಕೋಲು ಸಿಕ್ಕವನ ಹಾಗೆ, "ಇದನ್ನ ನಮ್ಮವ್ವನ ಮುಂದ ಹೇಳ್ತಿ ಏನ?" ಎಂದ.

"ಅವರಿಗೆ ಗೊತ್ತೈತಿ. ಬಿದ್ದ ದಿನದಿಂದ ಗೊತ್ತೈತಿ. ನಿಮಗ ಹೇಳಿಲ್ಲ ಅಷ್ಟ."

ಆ ಕೋಲು ಅವನ ಕೈಯಲ್ಲೇ ಮುರಿದದ್ದನ್ನು ಅವಳು ನೋಡಿದಳು. ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ಅರ್ಥವಾಗುತ್ತ ಹೋಯಿತು. ದಿನವೂ ಸಂಜೆ ಮಂಚದ ಕಾಲ್ಗಡೆ ಕೂತು, ಗಾಡಿದ ತಪ್ಪ ಯವ್ವಾ, ನಂದಲ್ಲ, ಎಂದು ತಾನು ಅತ್ತದ್ದು, ಹೌದಪ್ಪಾ ಗಾಡಿದ ತಪ್ಪ ಎಂದು ತಾಯಿ ತಲೆ ಸವರಿದ್ದು, ಹೆಂಡತಿ ಅದೇ ಹೊತ್ತಿಗೆ ಚಹಾ ತಂದಿಟ್ಟು ಹೋದದ್ದು. ಮನೆಯಲ್ಲಿ ಎರಡು ಹೆಂಗಸರು ಎಲ್ಲ ತಿಳಿದುಕೊಂಡು ಅವನು ಅಳುವುದನ್ನು ನೋಡುತ್ತಿದ್ದರು. ಅವಳಿಗೆ ಗೆದ್ದೆ ಎನ್ನಿಸಲಿಲ್ಲ. ಬಾಯಿ ಒಣಗಿತ್ತು, ನೀರು ಬೇಕೆನಿಸಿತು. ಅವನು ಕೀಲಿ ಕೇಳಲಿಲ್ಲ, ಇಳಿ ಎನ್ನಲಿಲ್ಲ. ಹಿಂದಿನ ಬಾಗಿಲು ತೆಗೆದು, ಬರುವಾಗ ಅವಳು ಕೂತಿದ್ದ ಜಾಗದಲ್ಲಿ ಕೂತ. ಮಾವ ಮುಂದೆ ಬಂದು ಕೂತರು, ಬೆಲ್ಟು ಹಾಕಿಕೊಂಡರು.

ಅವಳು ಗಿಯರನ್ನು ಡಿ ಮೇಲೆ ತಂದು ಬ್ರೇಕಿನ ಮೇಲಿನ ಕಾಲು ಎತ್ತಿದಳು. ಗಾಡಿ ಅಂಗಳ ದಾಟಿ, ನಾಲತವಾಡದ ಕಡೆಯಿಂದ ಬರುವ ಬಸ್ಸಿಗೆ ದಾರಿ ಕೊಟ್ಟು, ನಿಡಗುಂದಿಯ ರಸ್ತೆಗೆ ತಿರುಗಿತು. ಎದುರಿಗೆ ಕುರಿಹಿಂಡು ಬಂದಾಗ ಅವಳು ನಿಧಾನಿಸಿ ಕನ್ನಡಿ ನೋಡಿದಳು. ಹಿಂದಿನ ಸೀಟಿನಲ್ಲಿ ಅನಿಲಕುಮಾರ ಎರಡೂ ಕಾಲನ್ನು ನೆಲಕ್ಕೆ ಒತ್ತಿ ಹಿಡಿದು, ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತಿದ್ದ. ಮುದ್ದೇಬಿಹಾಳದಿಂದ ನಿಡಗುಂದಿಯವರೆಗೆ ಅವನು ಆ ಕಾಲು ಎತ್ತಲಿಲ್ಲ.